ಬಿಳಿ ಎರಡರಿಂದ ಕರಿ ಎರಡಕ್ಕೆ

ರಾಯಚೂರಿನ ಬೇಸಿಗೆ ಮಧ್ಯಾಹ್ನ ಫ್ಯಾನ್ ನಿಲ್ಲಿಸಿ ಕೂರುವುದು ಸುಲಭವಲ್ಲ. ಆದರೂ ನಿಲ್ಲಿಸಿದೆವು. ಅಮೆರಿಕದ ಜಾಜ್ ತುತ್ತೂರಿಗಾರ ಮೈಲ್ಸ್ ಡೇವಿಸ್‌ನ ತಂಡ 1959ರ ಮಾರ್ಚ್ 2ರಂದು ನ್ಯೂಯಾರ್ಕ್‌ನಲ್ಲಿ ನುಡಿಸಿದ ‘ಸೋ ವಾಟ್’ನ ಪಲ್ಲವಿ ಇರುವುದೇ ಪಾಲ್ ಚೇಂಬರ್ಸ್‌ನ ಬಾಸ್‌ನಲ್ಲಿ, ಅಂದರೆ ಆಳೆತ್ತರದ ಪಿಟೀಲಿನಂಥ ವಾದ್ಯದಲ್ಲಿ. ಮೊಬೈಲ್ ಸ್ಪೀಕರಿಗೆ ಆ ದಪ್ಪ ದನಿ ಎಟುಕುವುದಿಲ್ಲ. ದೊಡ್ಡ ಬಾಕ್ಸಿಗೆ ಹಾಕಿದರೆ ಫ್ಯಾನಿನ ಗುಂಯ್ ಅನ್ನುವುದು ಅದನ್ನು ನುಂಗುತ್ತದೆ. ಬಾಸ್ ಪ್ರಶ್ನೆ ಹಾಕುತ್ತದೆ, ಪಿಯಾನೊ ಎರಡೇ ಪೆಟ್ಟಿನಲ್ಲಿ ಹ್ಞೂಂಗುಡುತ್ತದೆ. ಭಜನೆಯ ಹಿಮ್ಮೇಳವೇ ಸೈ.

ಜೊತೆಗಿದ್ದ ತಬಲಾ ಮಾಸ್ತರರು ಮೊದಲು ಕೇಳಿದ್ದು, “ಸಮ್ ಎಲ್ಲೈತ್ರಿ ಇದರಾಗ?” ಸಮ್ ಅಂದರೆ ತಾಳದ ಸುತ್ತು ಶುರುವಾಗುವ ಮೊದಲ ಮಾತ್ರೆ.

ಒಂದು ಸುತ್ತಿಗೆ 32 ಬಾರ್, ಬಾರಿಗೆ 4 ಮಾತ್ರೆ, ಒಟ್ಟು 128. 16 ಮಾತ್ರೆಯ ತೀನ್‌ತಾಲದ 8 ಆವರ್ತನ. ಮೊದಲ ನಾಲ್ಕು ಒಂದು ಶ್ರುತಿಯಲ್ಲಿ, ಮುಂದಿನ ಎರಡು ಅರ್ಧ ಸ್ವರ ಮೇಲೆ, ಕಡೆಯ ಎರಡು ಮತ್ತೆ ಮೊದಲಿನದರಲ್ಲಿ. ಗ, ನಿ ಕೋಮಲ, ಅಂದರೆ ಅರ್ಧ ಸ್ವರ ತಗ್ಗು. ಹಿಂದುಸ್ತಾನಿಯ ಕಾಫಿ ಥಾಟಿನ (ಸ್ವರಗುಂಪಿನ) ಸ್ವರಗಳೇ. ಹಾಗಂತ ಕಾಫಿ ರಾಗ ಹುಡುಕಿದರೆ ಸಿಗದು, ಆ ಚಲನ್, ರಾಗ ನಡೆಯುವ ರೀತಿ, ಇಲ್ಲಿಲ್ಲ. ಹಾರ್ಮೋನಿಯಂನಲ್ಲಿ ಬಿಳಿ ಎರಡಕ್ಕಿರುವ (ಎರಡನೇ ಬಿಳಿ ಮನೆಯ) ಸಾ, ನಡುವೆ ಕರಿ ಎರಡಕ್ಕೆ ಹೋಗುತ್ತದೆ. ತಂಬೂರಿ ಮೀಟುತ್ತ ಕೂತವರಿಗೆ ಆಗದ ಕೆಲಸ. “ಏ, ಸಾ ನs ಸರದು ಕುಂತತಲ್ರೀ!” ಅಂದರು ಮಾಸ್ತರರು.

ಮೊದಲ ಸಲ ಹಾರ್ಮೋನಿಯಂ ಶ್ರುತಿ ಇದಕ್ಕೆ ಹೊಂದಲೇ ಇಲ್ಲ, ಕಿವಿಯ ತಪ್ಪಲ್ಲ. ಅಂದಿನ ಟೇಪ್ ಯಂತ್ರ ತುಸು ನಿಧಾನ ಓಡಿತ್ತು. ಸರಿಯಾದ ವೇಗದಲ್ಲಿ ಹಾಕಿದಾಗ ಶ್ರುತಿ ಏರಿತು. ಹಳೆಯ ತಟ್ಟೆಗಳೆಲ್ಲ ಹಾಗೇ ಬಂದವು, 1990ರ ದಶಕದಲ್ಲಿ ತಿದ್ದಿದರು. ನಮ್ಮಲ್ಲಿದ್ದದ್ದು ಹಳೆಯದರ ಪ್ರತಿ. ತಿದ್ದಿದ್ದನ್ನು ಹಾಕಿದೆವು, ಕೂಡಿತು.

ಲೆಕ್ಕ ತಪ್ಪುವುದು ಬೇರೆ ಕಡೆ. ಸುತ್ತಿನ ಕಡೆಯ ಎರಡು ಆವರ್ತನ, ಮುಂದಿನ ಸುತ್ತಿನ ಮೊದಲ ನಾಲ್ಕು ಸೇರಿ ಆರು ಆವರ್ತನ ಒಂದೇ ಸಾ. ನಡುವಿನ ಗಡಿ ಕಾಣುವುದಿಲ್ಲ. ಮೇಲಾಗಿ ಜಾಜ್ ಡ್ರಮ್ಮಿನಲ್ಲಿ ಕಾಲಿನಿಂದ ಒತ್ತುವ ಜೋಡಿ ಸಿಂಬಲ್ (ಕಂಚಿನ ತಟ್ಟೆ) ಚಿಟ್ಟೆನ್ನುವುದು 2 ಮತ್ತು 4ನೇ ಮಾತ್ರೆಗೆ; ಅದನ್ನೇ ಒಂದು ಅಂದುಕೊಂಡರೆ ಮುಗಿಯಿತು. ಸಾ ಏರಿದ ಕ್ಷಣ ಹಿಡಿದು ಎಣಿಸಬೇಕು: ಅಲ್ಲಿಂದ ನಾಲ್ಕು ಆವರ್ತನ ತುಂಬಿದರೆ ಸುತ್ತು ತುಂಬಿತು.

ಡ್ರಮ್ಮಿನ ಜಿಮ್ಮಿ ಕಾಬ್ ಸಿಂಬಲ್ಲಿಗೆ ಒಂದು ಹೊಡೆದದ್ದೇ ಮೈಲ್ಸ್ ಶುರು. ಸ್ವರ ಕಡಿಮೆ, ಬಿಡುವು ಜಾಸ್ತಿ. ಎರಡು ಸಲ ಕೇಳಿದರೆ ಗುನುಗಬಹುದು. ಸ್ಯಾಕ್ಸೊಫೋನಿನ ಕೋಲ್ಟ್ರೇನ್ ಹಾಗಲ್ಲ, ತಾನ್ ಮೇಲೆ ತಾನ್. ವೇಗ 0.75ಕ್ಕೆ ಇಳಿಸಿ ಕೇಳಬೇಕು, 0.5ಕ್ಕೆ ಇಳಿಸಿದರೆ ಸಿಂಬಲ್ ಕದಡುತ್ತದೆ. ಆಮೇಲೆ ಅಡರ್ಲಿ, ಇವನದೂ ಸ್ಯಾಕ್ಸೊಫೋನೇ, ಚೇಷ್ಟೆಯ ಮನುಷ್ಯ. ಮೂವರಿಗೂ ಎರಡೆರಡು ಸುತ್ತು.

ಅಷ್ಟೊತ್ತಿಗೆ ಮಾಸ್ತರರ ಕೈ ಪ್ರತಿ ಗಡಿಗೂ ಸರಿಯಾಗಿ ಬೀಳುತ್ತಿತ್ತು. ಬಿಲ್ ಇವಾನ್ಸ್‌ನ ಪಿಯಾನೊ ಬಂತು, ಹಿಂದೆ ಊದುವವರು ಅದೇ ಎರಡು ಪೆಟ್ಟು ಕೊಡತೊಡಗಿದರು. ಇವನಿಗೂ ಎರಡು ಸುತ್ತು ಎಂದು ಎಣಿಸುತ್ತಿದ್ದಾಗ ಒಂದಕ್ಕೇ ಮುಗಿಸಿಬಿಟ್ಟ. ಕೈ ಮೇಲೆಯೇ ನಿಂತಿತು. “ಮತ್ತೊಮ್ಮೆ ಹಾಕ್ರಿ” ಅಂದರು.