ಗೆಲ್ಲೋಕೆ ಏನೂ ಇಲ್ಲದ ಗೇಮ್

ರಾತ್ರಿ ಊಟ ಆದ್ಮೇಲೆ ರೀಲ್ಸ್ ನೋಡ್ತಾ ಕೂರೋರು ಒಮ್ಮೆ ಟೌನ್‌ಸ್ಕೇಪರ್ ಡೌನ್‌ಲೋಡ್ ಮಾಡ್ಕೊಳ್ಳಿ. ಸ್ವೀಡನ್ನಿನ ಆಸ್ಕರ್ ಸ್ಟಾಲ್‌ಬರ್ಗ್ ಮಾಡಿದ ಗೇಮ್, ಪೂರ್ತಿ ಆವೃತ್ತಿ ಬಂದಿದ್ದು 2021ರಲ್ಲಿ. ಕಂಪ್ಯೂಟರ್ ಗೇಮ್ ಮಾರೋ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿದೆ, ಮೊಬೈಲಿಗೂ ಇದೆ.

ಪಾಯಿಂಟು, ಲೆವೆಲ್ಲು, ಟೈಮರ್ರು ಯಾವುದೂ ಇಲ್ಲ. ಕಣ್ಣೆದುರು ಬರೀ ನೀರು. ಬಣ್ಣ ಆರಿಸಿ ಒತ್ತಿದ್ರೆ ಪ್ಳಕ್ ಅಂತ ನೆಲ ಏಳುತ್ತೆ, ಅದರ ಮೇಲೆ ಇನ್ನೊಮ್ಮೆ ಒತ್ತಿದ್ರೆ ಮನೆ. ಕಿಟಕಿ, ಬಾಗಿಲು, ಕಮಾನು ಎಲ್ಲಿ ಬರಬೇಕು ಅಂತ ಗೇಮೇ ಅಕ್ಕಪಕ್ಕ ನೋಡಿ ತೀರ್ಮಾನಿಸುತ್ತೆ. ಸುತ್ತಲೂ ಮನೆ ಕಟ್ಟಿ ನಡುವೆ ನೆಲ ಬಿಟ್ರೆ ಅಲ್ಲಿ ತಾನಾಗೇ ತೋಟ! ಕೆಳಗಿನ ಮಹಡಿ ಅಳಿಸಿದ್ರೂ ಮೇಲಿನದು ಬೀಳಲ್ಲ.

ಇಡೀ ಊರಲ್ಲಿ ಒಬ್ಬ ಮನುಷ್ಯನೂ ಕಾಣಲ್ಲ, ಬರೀ ಹಕ್ಕಿಗಳು. ಮೊದಮೊದಲು ಅದು ಕೊರತೆ ಅನ್ನಿಸ್ತಿತ್ತು, ಈಗ ಅದೇ ಇಷ್ಟ. ಸೈಟು, ಖಾತಾ, ಲೋನು ಅನ್ನೋ ರಗಳೆ ಇಲ್ಲದೆ ಮನೆ ಕಟ್ಟೋ ಸುಖ ನಮ್ಮಂಥ ಬಾಡಿಗೆ ಮನೆಯವರಿಗೆ ಇನ್ನೆಲ್ಲಿ ಸಿಗುತ್ತೆ ಹೇಳಿ?

ಕಥೆ, ಫೈಟಿಂಗ್ ಬೇಕು ಅನ್ನೋರಿಗೆ ಐದೇ ನಿಮಿಷಕ್ಕೆ ಬೋರಾಗುತ್ತೆ, ಆಮೇಲೆ ನನ್ನ ಬೈಬೇಡಿ. ಬ್ರೌಸರ್‌ನಲ್ಲಿ ಆಡೋ ಪುಕ್ಕಟೆ ಆವೃತ್ತಿ ಇದೆ, ಅದನ್ನ ನೋಡಿ ಆಮೇಲೆ ದುಡ್ಡು ಕೊಡಿ.