ಐಸ್ ಖಾಲಿಯಾದ ಮಧ್ಯಾಹ್ನ

ಎಂ.ಎಸ್ಸಿ. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿನಲ್ಲಿ ನನ್ನ ಪಾಲಿಗೆ ಬಂದದ್ದು ಪೆರಾಸಿಟಿಕ್ ಆಮ್ಲ. ಅಸಿಟಿಕ್ ಆಮ್ಲಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಿದರೆ ಅದು ತಾನಾಗಿಯೇ ಹುಟ್ಟುತ್ತದೆ, ಜೊತೆಗೆ ನೀರು. ಆದರೆ ಅವೆರಡನ್ನೇ ಬಿಟ್ಟರೆ ದಿನಗಟ್ಟಲೆ ಕಾಯಬೇಕು. ಸ್ವಲ್ಪ ಸಲ್ಫ್ಯೂರಿಕ್ ಆಮ್ಲ ಬಿದ್ದರೆ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ಮುಗಿಯುತ್ತದೆ ಅಂದೆನಲ್ಲ, ಅದೂ ಪೂರ್ತಿ ನಿಜವಲ್ಲ. ಹುಟ್ಟಿದ ಪೆರಾಸಿಡ್, ಅಂದರೆ ಪೆರಾಸಿಟಿಕ್ ಆಮ್ಲ, ನೀರಿನ ಜೊತೆ ಸೇರಿ ವಾಪಸ್ಸೂ ಹೋಗುತ್ತಿರುತ್ತದೆ. ಎರಡೂ ವೇಗ ಸಮವಾದಾಗ ಪ್ರಮಾಣ ಒಂದು ಮಟ್ಟದಲ್ಲಿ ನಿಲ್ಲುತ್ತದೆ, ಅಷ್ಟೆ. ಆ ಮಟ್ಟಕ್ಕೆ ಎಷ್ಟು ಬೇಗ ಏರುತ್ತದೆ ಎಂದು ಅಳೆಯುವುದೇ ನನ್ನ ಕೆಲಸ.

ಅಳತೆಯದ್ದೇ ದೊಡ್ಡ ರಗಳೆ. ಫ್ಲಾಸ್ಕಿನಲ್ಲಿ ಪೆರಾಕ್ಸೈಡೂ ಇದೆ, ಪೆರಾಸಿಡ್ಡೂ ಇದೆ, ಎರಡೂ ಆಕ್ಸಿಡೀಕಾರಕಗಳೇ, ಅಂದರೆ ಬೇರೆ ವಸ್ತುಗಳಿಂದ ಎಲೆಕ್ಟ್ರಾನ್ ಕಸಿಯುವಂಥವು. ಬಿಡಿಸಿ ನೋಡುವುದಕ್ಕೆ ಒಂದೇ ಮಾದರಿಯಲ್ಲಿ ಎರಡು ಟೈಟ್ರೇಷನ್: ಬ್ಯೂರೆಟ್ ಎಂಬ ಅಳತೆ ಕೊಳವೆಯಿಂದ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು, ಎಷ್ಟು ಖರ್ಚಾಯಿತೆಂದು ನೋಡಿ ಪ್ರಮಾಣ ಲೆಕ್ಕ ಹಾಕುವುದು. ಮೊದಲು ಪೆರಾಕ್ಸೈಡಿನ ಜೊತೆ ಮಾತ್ರ ವರ್ತಿಸುವ ಸೀರಿಕ್ ಸಲ್ಫೇಟ್: ಬಣ್ಣ ಬದಲಿಸಿ ಕೊನೆ ತೋರಿಸುವ ಫೆರೋಯಿನ್ನಿನ ಕಿತ್ತಳೆ ಬಣ್ಣ ಹೋಗಿ ತಿಳಿನೀಲಿ ಬಂದರೆ ಪೆರಾಕ್ಸೈಡಿನ ಲೆಕ್ಕ ಸಿಕ್ಕಿತು. ಅದೇ ಫ್ಲಾಸ್ಕಿಗೆ ಪೊಟ್ಯಾಸಿಯಂ ಅಯೋಡೈಡ್ ಹಾಕಿದರೆ ಉಳಿದ ಪೆರಾಸಿಡ್ ಅಯೋಡಿನ್ ಬಿಡುಗಡೆ ಮಾಡುತ್ತದೆ. ಅಯೋಡಿನ್ನಿನ ಆ ಕಂದು ಬಣ್ಣವನ್ನು ಥಯೋಸಲ್ಫೇಟಿನಿಂದ ಕಳೆಯುತ್ತಾ ಹೋಗಿ, ಕೊನೆಯಲ್ಲಿ ಪಿಷ್ಟ ಹಾಕಿ, ನೀಲಿ ಮಾಯವಾಗುವ ಹನಿಗೆ ಕಾಯಬೇಕು. ಇದೆಲ್ಲ ಮಂಜುಗಡ್ಡೆ ಹಾಕಿದ ತಣ್ಣನೆಯ ದ್ರಾವಣದಲ್ಲೇ ಆಗಬೇಕು ಎಂದು ವಿಧಾನದಲ್ಲಿ ಬರೆದಿತ್ತು. ಯಾಕೆ ಎಂದು ನಾನು ಕೇಳಿರಲಿಲ್ಲ.

ಬೆಳಿಗ್ಗೆಯೆಲ್ಲ ಚೆನ್ನಾಗಿಯೇ ನಡೆಯಿತು. ಗ್ರಾಫಿನಲ್ಲಿ ಪೆರಾಸಿಡ್ಡಿನ ಬಿಂದುಗಳು ಏರಿದವು, ಏರಿಕೆ ನಿಧಾನವಾಯಿತು, ರೇಖೆ ಬಾಗತೊಡಗಿತು. ಮಧ್ಯಾಹ್ನ ಎರಡರ ಸುಮಾರಿಗೆ ಐಸ್ ಮುಗಿಯಿತು. ನಲ್ಲಿ ನೀರೂ ತಣ್ಣಗೇ ಇದೆಯಲ್ಲ ಎಂದುಕೊಂಡೆ.

ಮೊದಲ ಫ್ಲಾಸ್ಕಿನಲ್ಲೇ ವಿಚಿತ್ರ ಕಂಡಿತು. ತಿಳಿನೀಲಿ ಬಂದಿತು, ಬ್ಯೂರೆಟ್ ಓದಲು ತಲೆ ಎತ್ತಿ ಇಳಿಸುವಷ್ಟರಲ್ಲಿ ಮತ್ತೆ ಕಿತ್ತಳೆ ಛಾಯೆ. ಇನ್ನೊಂದು ಹನಿ. ನೀಲಿ. ಮತ್ತೆ ಮಾಸಿತು. ಕೈ ನಡುಗಿ ಬೇಗ ನಿಲ್ಲಿಸಿದೆನೇನೋ ಎಂದು ಪ್ರತಿ ಸಲವೂ ಬಣ್ಣ ಗಟ್ಟಿಯಾಗಿ ನಿಲ್ಲುವವರೆಗೆ ಹನಿ ಬಿಡುತ್ತಾ ಕುಳಿತೆ. ಒಂದೊಂದಕ್ಕೂ ಹತ್ತು ನಿಮಿಷ.

ಸಂಜೆ ಗ್ರಾಫ್ ಪೂರ್ತಿ ಮಾಡಿದರೆ, ಸಮತಲವಾಗಬೇಕಿದ್ದ ರೇಖೆ ಸ್ವಲ್ಪ ಕೆಳಗಿಳಿದಿತ್ತು. ನನಗೋ ಒಳಗೊಳಗೇ ಖುಷಿ. ಪೆರಾಸಿಡ್ ವಿಭಜನೆಯಾಗುತ್ತಿದೆ, ಗಾಜಿನ ಸಾಮಾನಿನಲ್ಲಿ ಎಲ್ಲೋ ಕಬ್ಬಿಣದ ಅಯಾನು ಸೇರಿದೆ ಎಂದು ಅರ್ಧ ಪುಟ ವಿವರಣೆ ಬರೆದು ಮೇಡಂ ಮುಂದಿಟ್ಟೆ. ಲೋಹದ ಅಯಾನುಗಳು ಹಾಗೆ ಮಾಡುವುದು ನಿಜವೇ ಆದ್ದರಿಂದ ಧೈರ್ಯವೂ ಇತ್ತು.

ಮೇಡಂ ವಿವರಣೆ ಓದಲಿಲ್ಲ. ರೇಖೆ ಇಳಿಯತೊಡಗಿದ ಬಿಂದುವಿನ ಮೇಲೆ ಪೆನ್ಸಿಲ್ ಇಟ್ಟು, “ಐಸ್ ಎಷ್ಟು ಹೊತ್ತಿಗೆ ಖಾಲಿಯಾಯ್ತಮ್ಮಾ?” ಎಂದರು.

ಅಷ್ಟು ಸಾಕಿತ್ತು. ಒಂದು ಮಿಲಿಲೀಟರ್ ಮಾದರಿಯನ್ನು ಅಷ್ಟೊಂದು ನೀರಿಗೆ ಸುರಿದ ಕ್ಷಣದಿಂದಲೇ ಸಮತೋಲನ ಕೆಟ್ಟಿತ್ತು. ನೀರು ಹೆಚ್ಚಿದೆ, ಆಮ್ಲವೂ ಇದೆ, ಮೇಲಾಗಿ ಪೆರಾಕ್ಸೈಡನ್ನು ನಾನೇ ಸೀರಿಕ್ಕಿನಿಂದ ಅಳಿಸಿಹಾಕಿದ್ದೇನೆ. ಪೆರಾಸಿಡ್ ಹಿಂದಕ್ಕೆ ತಿರುಗದೆ ಇನ್ನೇನು ಮಾಡೀತು? ಒಡೆದು ಹೊಸ ಪೆರಾಕ್ಸೈಡ್ ಕೊಡುತ್ತಿತ್ತು, ಅದು ನೀಲಿಯನ್ನು ಮಾಸಿಸುತ್ತಿತ್ತು, ನಾನು ಹಟಕ್ಕೆ ಬಿದ್ದು ಮತ್ತೆ ಹನಿ ಬಿಡುತ್ತಿದ್ದೆ. ಆ ಹನಿಗಳೆಲ್ಲ ಪೆರಾಕ್ಸೈಡಿನ ಖಾತೆಗೆ, ಅಷ್ಟೇ ಕಡಿತ ಪೆರಾಸಿಡ್ಡಿನ ಖಾತೆಗೆ. ಥಂಡಿಯಲ್ಲಿ ಇದೇ ಹಿಮ್ಮುಖ ಕ್ರಿಯೆ ಎಷ್ಟು ನಿಧಾನವೆಂದರೆ ಟೈಟ್ರೇಷನ್ ಮುಗಿಯುವವರೆಗೆ ಲೆಕ್ಕಕ್ಕೇ ಬರುವುದಿಲ್ಲ.

ಮರುದಿನ ಎರಡು ಥರ್ಮೋಕೋಲ್ ಡಬ್ಬಿ ತುಂಬ ಐಸ್ ತಂದಿಟ್ಟು ಮೊದಲಿನಿಂದ ಶುರುಮಾಡಿದೆ. ಮಧ್ಯೆ ಒಮ್ಮೆ, ಬರೀ ಕುತೂಹಲಕ್ಕೆ, ಒಂದು ಫ್ಲಾಸ್ಕನ್ನು ಐಸಿಲ್ಲದೆ ಮೇಜಿನ ಮೇಲೆ ಬಿಟ್ಟು ಗಡಿಯಾರ ಹಿಡಿದು ಕುಳಿತೆ. ನೀಲಿ ಅಂಚಿನಿಂದ ಕಿತ್ತಳೆಗೆ ತಿರುಗಿತು. ಮೇಡಂ ಹಿಂದೆ ನಿಂತು ನೋಡುತ್ತಿದ್ದರು. “ಅದರ ದರವನ್ನೂ ಅಳೆದುಬಿಡು, ಇನ್ನೊಂದು ಅಧ್ಯಾಯವಾಗುತ್ತೆ” ಅಂದರು.