ವಾಲ್ವ್ ಆಂಪ್‌ಗೆ ಟ್ರಾನ್ಸ್‌ಫಾರ್ಮರ್ ಹುಡುಕಾಟ: ಕೊನೆಗೆ ಒಂದರ ಬದಲು ಎರಡು

ವಾಲ್ವ್ ಆಂಪ್ (ಗಾಜಿನ ವ್ಯಾಕ್ಯೂಮ್ ಟ್ಯೂಬ್ ಹಾಕಿದ ಆಂಪ್ಲಿಫೈಯರ್) ಮಾಡೋಕೆ ಹೊರಟವರೆಲ್ಲ ಒಂದು ಕಡೆ ಬಂದು ನಿಂತುಬಿಡ್ತಾರೆ, ಅದು ಮೇನ್ಸ್ ಕರೆಂಟನ್ನ ವಾಲ್ವ್‌ಗೆ ಬೇಕಾದ ವೋಲ್ಟೇಜ್‌ಗೆ ತರೋ ಪವರ್ ಟ್ರಾನ್ಸ್‌ಫಾರ್ಮರ್. ನಂದೂ ಅದೇ ಕಥೆ. ಎರಡು ಇಎಲ್84 (ಸ್ಪೀಕರ್ ಓಡಿಸೋ ವಾಲ್ವ್), ಒಂದು 12ಎಎಕ್ಸ್7 (ಸಣ್ಣ ಸಿಗ್ನಲ್ ದೊಡ್ಡದು ಮಾಡೋ ವಾಲ್ವ್), ಪುಟ್ಟ ಸಿಂಗಲ್ ಎಂಡೆಡ್ (ಪ್ರತಿ ಚಾನೆಲ್‌ಗೆ ಒಂದೇ ಔಟ್‌ಪುಟ್ ವಾಲ್ವ್) ಸ್ಟೀರಿಯೋ, ಅಷ್ಟೇ. ಆದ್ರೆ ವಾಲ್ವ್‌ಗೆ ಅಂತಲೇ ಸುತ್ತಿದ ಟ್ರಾನ್ಸ್‌ಫಾರ್ಮರ್ ರೇಟ್ ನೋಡಿದ್ರೆ ಮೂಗಿಗಿಂತ ಮೂಗುತಿ ಭಾರ.

ಹಳೇ ರೇಡಿಯೋದ್ದು ಹಾಕೋಣ ಅಂತ ಒಂದು ತಂದೆ. ಸೀರೀಸ್ ಬಲ್ಬ್ ಹಾಕಿ ಮೇನ್ಸ್‌ಗೆ ಕೊಟ್ಟೆ, ಸೆಕೆಂಡರಿ (ಔಟ್‌ಪುಟ್ ಕಡೆ ವೈಂಡಿಂಗ್) ಎಲ್ಲ ಓಪನ್ ಇದ್ರೂ ಬಲ್ಬ್ ಜೋರಾಗಿ ಉರೀತು, ಅಂದ್ರೆ ಒಳಗೆಲ್ಲೋ ಶಾರ್ಟ್. ಮೈಕ್ರೋವೇವ್ ಓವನ್‌ದು ಪುಕ್ಕಟೆ ಸಿಗುತ್ತಲ್ಲ ಅನ್ನೋರಿಗೆ ಒಂದೇ ಮಾತು, ಅದರಲ್ಲಿ ಬರೋದು 2000 ವೋಲ್ಟ್ ಆಸುಪಾಸು, ಮುಟ್ಟಿದ್ರೆ ಉಳಿಯಲ್ಲ, ಅದರ ಸಹವಾಸ ಬೇಡ.

ಆಮೇಲೆ ಮಾಡಿದ್ದು ಹಳೇ ಉಪಾಯನೇ, ಮಾಮೂಲಿ 12 ವೋಲ್ಟ್ 5 ಆಂಪ್ ಟ್ರಾನ್ಸ್‌ಫಾರ್ಮರ್ ಎರಡು ತಗೊಂಡು ಬೆನ್ನಿಗೆ ಬೆನ್ನು ಕೊಟ್ಟು ಜೋಡಿಸೋದು. ಮೊದಲನೇದು 230ನ್ನ 12ಕ್ಕೆ ಇಳಿಸುತ್ತೆ, ಆ 12ನ್ನ ಎರಡನೇದರ ಸೆಕೆಂಡರಿಗೆ ಕೊಟ್ರೆ ಅದರ ಪ್ರೈಮರಿಯಲ್ಲಿ (ಮೇನ್ಸ್ ಕಡೆ ವೈಂಡಿಂಗ್) ಮತ್ತೆ ಹೈ ವೋಲ್ಟೇಜ್ ಬರುತ್ತೆ, ಮೇನ್ಸ್‌ನಿಂದ ಐಸೋಲೇಷನ್ನೂ (ನೇರ ವೈರ್ ಸಂಪರ್ಕ ಇಲ್ಲದೆ ಬೇರೆಯಾಗಿರೋದು) ಉಳಿಯುತ್ತೆ. ಮಧ್ಯದ 12 ವೋಲ್ಟ್‌ನಲ್ಲೇ ಹೀಟರ್ (ವಾಲ್ವ್ ಕಾಯಿಸೋ ಒಳಗಿನ ತಂತಿ): ಎರಡು ಇಎಲ್84 ಸೀರೀಸ್‌ನಲ್ಲಿ ಹಾಕಿದ್ರೆ ತಲಾ 6 ವೋಲ್ಟ್, ಬೇಕಾದ 6.3ಕ್ಕಿಂತ ಚೂರು ಕಮ್ಮಿ, ಪರವಾಗಿಲ್ಲ. 12ಎಎಕ್ಸ್7 ಸೀದಾ 12ಕ್ಕೇ ಕೂರುತ್ತೆ. ಎಲ್ಲ ಸೇರಿ ಹೀಟರ್‌ಗೆ 1 ಆಂಪ್ ಒಳಗೆ.

ಈ ಜೋಡಣೆ ಬಗ್ಗೆ ಎಲ್ಲರ ದೂರು ಒಂದೇ, ವೋಲ್ಟೇಜ್ ಬಿದ್ದುಹೋಗುತ್ತೆ ಅಂತ. ಹೌದು ಬೀಳುತ್ತೆ, ಚಿಕ್ಕ ಟ್ರಾನ್ಸ್‌ಫಾರ್ಮರ್‌ನಲ್ಲಿ ಲೋಡ್ ಬಂದಾಗ ಇಳಿಯೋದನ್ನ ಸರಿದೂಗಿಸೋಕೆ ಸೆಕೆಂಡರಿಗೆ ನಾಲ್ಕು ಸುತ್ತು ಜಾಸ್ತಿನೇ ಸುತ್ತಿರ್ತಾರೆ, ಅದನ್ನ ಉಲ್ಟಾ ಓಡಿಸಿದ್ರೆ ಆ ಲೆಕ್ಕ ನಮಗೇ ತಿರುಗಿಬೀಳುತ್ತೆ. ನನಗೆ ಲೋಡ್ ಇಲ್ದೆ 220 ಹತ್ರ ಇತ್ತು, ವಾಲ್ವ್ ಎಲ್ಲ ಕರೆಂಟ್ ಎಳೆಯೋಕೆ ಶುರು ಮಾಡಿದ್ಮೇಲೆ 190. ಬ್ರಿಜ್ (ಎಸಿಯನ್ನ ಡಿಸಿ ಮಾಡೋ ನಾಲ್ಕು ಡಯೋಡ್) ದಾಟಿ ಕೆಪಾಸಿಟರ್ ಮೇಲೆ ಅಳೆದ್ರೆ 245 ವೋಲ್ಟ್ ಡಿಸಿ! ಇಎಲ್84 ಡೇಟಾಶೀಟ್‌ನಲ್ಲಿ ಕೊಟ್ಟಿರೋದೇ 250, ಇನ್ನೇನು ಬೇಕು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ.

ಇದು ಗೊತ್ತಾಗೋ ಮುಂಚೆ ನಾನು ಅತಿ ಬುದ್ಧಿವಂತಿಕೆ ಮಾಡಿ ಎರಡನೇದಕ್ಕೆ 9 ವೋಲ್ಟ್‌ದು ಹಾಕಿದ್ದೆ, ವೋಲ್ಟೇಜ್ ಏರುತ್ತೆ ಅಂತ. ಏರಿತು, ಜೊತೆಗೆ ಅದು ಗೊರ್ ಅಂತ ಗೊರಕೆ ಹೊಡೀತಾ ಹತ್ತೇ ನಿಮಿಷಕ್ಕೆ ಕೈ ಇಡೋಕಾಗದಷ್ಟು ಕಾದುಹೋಯ್ತು. 9ರ ವೈಂಡಿಂಗ್‌ಗೆ 12 ತುರುಕಿದ್ರೆ ಕೋರ್ ಸ್ಯಾಚುರೇಟ್ ಆಗದೆ (ಕಬ್ಬಿಣ ಇನ್ನಷ್ಟು ಮ್ಯಾಗ್ನೆಟಿಸಂ ಹಿಡಿಯಲಾರದೆ) ಏನು ಮಾಡುತ್ತೆ ಪಾಪ.

ಇನ್ನೊಂದು, ಸ್ವಿಚ್ ಹಾಕಿದ ತಕ್ಷಣ ವಾಲ್ವ್ ತಣ್ಣಗಿರುತ್ತೆ, ಕರೆಂಟ್ ಎಳೆಯಲ್ಲ, ಆಗ ಕೆಪಾಸಿಟರ್ ಮೇಲೆ 310 ವೋಲ್ಟ್‌ವರೆಗೂ ಹೋಗುತ್ತೆ. ಹಾಗಾಗಿ 245 ತಾನೇ ಅಂತ 250 ವೋಲ್ಟ್ ಕೆಪಾಸಿಟರ್ ಹಾಕಿದ್ರೆ ಢಂ, 400ದ್ದೇ ಹಾಕಿ. ಅದಕ್ಕೆ ಅಡ್ಡಲಾಗಿ 100 ಕಿಲೋ ಓಮ್ 2 ವ್ಯಾಟ್ ರೆಸಿಸ್ಟರ್ ಹಾಕಿದ್ರೆ ಆಫ್ ಮಾಡಿದ ಮೇಲೆ ಚಾರ್ಜ್ ಇಳಿಯುತ್ತೆ, ಆದ್ರೂ ಕೈ ಹಾಕೋ ಮುಂಚೆ ಮೀಟರ್‌ನಲ್ಲಿ ನೋಡಿಬಿಡಿ. ಪ್ರೈಮರಿಗೆ ಫ್ಯೂಸು, ಚಾಸಿಗೆ (ಆಂಪ್‌ನ ಲೋಹದ ಪೆಟ್ಟಿಗೆ) ಅರ್ತು, ಇವೆರಡೂ ತಪ್ಪಿಸಬೇಡಿ.

ಜಾಗದ ವಿಷ್ಯದಲ್ಲಿ ಒದ್ದಾಡಿದೆ, ಎರಡು ಕಬ್ಬಿಣದ ಗುಂಡು ಪಕ್ಕದಲ್ಲಿದ್ರೆ ವಾಲ್ವ್‌ಗೂ ಸ್ಪೀಕರ್‌ಗೂ ಮಧ್ಯ ಇರೋ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ಗೆ ಹಮ್ ಹತ್ತುತ್ತೆ. ಇದಕ್ಕೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಸ್ಪೀಕರ್ ಕಡೆ ವೈರ್‌ಗೆ ಹೆಡ್‌ಫೋನ್ ಕಟ್ಟಿ, ಬೇರೇನೂ ಕನೆಕ್ಷನ್ ಕೊಡದೆ, ಪವರ್‌ದನ್ನ ಮಾತ್ರ ಆನ್ ಮಾಡಿ, ಔಟ್‌ಪುಟ್‌ದನ್ನ ಹಲಗೆ ಮೇಲೆ ನಿಧಾನಕ್ಕೆ ತಿರುಗಿಸ್ತಾ ಕೇಳ್ತಾ ಕೂತೆ. ಹತ್ತತ್ರ 90 ಡಿಗ್ರಿ ಆದಾಗ ಗುಂಯ್ ಅನ್ನೋದು ನಿಂತೇಹೋಯ್ತು, ಅಲ್ಲೇ ಪೆನ್ಸಿಲ್‌ನಲ್ಲಿ ಗೀಟು ಹಾಕಿ ಚಾಸಿಗೆ ತೂತು ಹೊಡೆದೆ.